ಬೆರೆತದ್ದೋ, ಬೆಸೆದದ್ದೋ?

ಪ್ರಶ್ನೆ: ನಮ್ಮ ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಕೈಟೊಸಾನನ್ನು (ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಪಾಲಿಮರು, ಅಂದರೆ ಉದ್ದ ಸರಪಳಿಯಂಥ ಅಣುಗಳ ವಸ್ತು) ದುರ್ಬಲ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಮೂಳೆಯ ಖನಿಜವನ್ನು ಹೋಲುವ ಹೈಡ್ರಾಕ್ಸಿಅಪಟೈಟ್‌ನ ನ್ಯಾನೊ ಪುಡಿ ಬೆರೆಸಿ ಹಾಳೆ ತಯಾರಿಸಿದ್ದೇವೆ. ಹರಳುಗಳನ್ನು ಗುರುತಿಸುವ ಎಕ್ಸ್-ಕಿರಣ ವಿವರ್ತನೆ ಪರೀಕ್ಷೆಯಲ್ಲಿ ಖನಿಜದ ಗೆರೆಗಳು ಸರಿಯಾಗಿವೆ. ಆದರೆ ಒಣಗಿದ ಹಾಳೆಯನ್ನು ಉಜ್ಜಿದರೆ ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ಇದನ್ನು ಮೂಳೆ ಚಿಕಿತ್ಸೆಗೆ ಒದಗುವ ನ್ಯಾನೊಕಾಂಪೋಸಿಟ್ (ನ್ಯಾನೊ ಕಣಗಳು ಪಾಲಿಮರಿನೊಳಗೆ ಬೆಸೆದುಕೊಂಡ ವಸ್ತು) ಎನ್ನಬಹುದೇ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಈಗಲೇ ಹಾಗೆನ್ನುವುದು ಸರಿಯಾಗದು. ಎಕ್ಸ್-ಕಿರಣ ವಿವರ್ತನೆ ಖನಿಜ ಇದೆ ಎಂಬುದನ್ನಷ್ಟೇ ತೋರಿಸುತ್ತದೆ. ಅದು ಪಾಲಿಮರಿಗೆ ಬೆಸೆದಿದೆಯೇ ಎಂಬುದನ್ನಲ್ಲ. ಒಣಪುಡಿಯಲ್ಲಿ ನ್ಯಾನೊ ಕಣಗಳು ಮೊದಲೇ ಒಂದಕ್ಕೊಂದು ಅಂಟಿ ಗಂಟುಕಟ್ಟಿರುತ್ತವೆ. ಬಿಸಿನೀರಿಗೆ ಒಮ್ಮೆಲೇ ಸುರಿದ ರಾಗಿಹಿಟ್ಟಿನಂತೆ, ಆಮೇಲೆ ಎಷ್ಟು ಕಲಕಿದರೂ ಅವು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ.

ಮೂಳೆಯ ರಚನೆಯನ್ನೇ ನೋಡಿ. ಅದರ ತೂಕದ ಸುಮಾರು ಮೂರನೇ ಎರಡು ಪಾಲು ಖನಿಜ. ಆದರೆ ಕೆಲವೇ ನ್ಯಾನೊಮೀಟರ್ ದಪ್ಪದ ಆ ಹರಳುಗಳು ಹೊರಗಿನಿಂದ ಬಂದು ಸೇರಿದವಲ್ಲ, ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನಡುವೆಯೇ ಹುಟ್ಟಿ ಬೆಳೆದವು. ನೀವೂ ಆ ದಾರಿಯನ್ನೇ ಹಿಡಿಯಬಹುದು. ಆಮ್ಲೀಯ ಕೈಟೊಸಾನ್ ದ್ರಾವಣದಲ್ಲೇ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಲವಣಗಳನ್ನು, ಕ್ಯಾಲ್ಸಿಯಂ-ರಂಜಕದ ಪರಮಾಣು ಅನುಪಾತ 1.67 ಇರುವಂತೆ ಕರಗಿಸಿ, ಕಲಕುತ್ತಲೇ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ ಸುಮಾರು 10ಕ್ಕೆ ತನ್ನಿ. ಪಿಎಚ್ 6.5ರ ಆಸುಪಾಸಿನಲ್ಲಿ ಕೈಟೊಸಾನ್ ಕರಗಿರಲಾರದೆ ಹೊರಬೀಳತೊಡಗುತ್ತದೆ. ಖನಿಜವೂ ಅದರ ಜಾಲದೊಳಗೇ ಹರಳುಗಟ್ಟುತ್ತದೆ. ಒಂದು ದಿನ ಹಾಗೆಯೇ ಬಿಟ್ಟು ಹದವಾಗಲು ಕೊಡಿ.

ಪರೀಕ್ಷೆಗಳಲ್ಲಿ ನಾನು ಹೆಚ್ಚು ನಂಬುವುದು ಹೋಲಿಕೆಯನ್ನು. ಬರೀ ಕೈಟೊಸಾನ್, ನಿಮ್ಮ ಹಳೆಯ ಬೆರಕೆ, ಹೊಸ ಮಾದರಿ, ಈ ಮೂರರ ಅವಕೆಂಪು ರೋಹಿತಗಳನ್ನೂ (ವಸ್ತು ಯಾವ ಅವಕೆಂಪು ಕಿರಣಗಳನ್ನು ಹೀರುತ್ತದೆಂಬ ನಕ್ಷೆಗಳು) ಒಟ್ಟಿಗೆ ಇಟ್ಟು ನೋಡಿ. ಪ್ರತಿ ಸೆಂಟಿಮೀಟರಿಗೆ 1590ರ ಬಳಿಯ ಅಮೈನ್ ಪಟ್ಟಿ (ಕೈಟೊಸಾನಿನ ಸಾರಜನಕ ಗುಂಪಿನ ಗುರುತು) ಹೊಸ ಮಾದರಿಯಲ್ಲಿ ಮಾತ್ರ ಜರುಗಿದ್ದರೆ, ಖನಿಜದೊಂದಿಗೆ ಅದಕ್ಕೆ ನಂಟು ಬೆಳೆದಿದೆ ಎನ್ನಲು ಆಧಾರ ಸಿಗುತ್ತದೆ. ಹಾಳೆಯ ನಾಲ್ಕು ಮೂಲೆಗಳಿಂದಲೂ ನಡುವಿನಿಂದಲೂ ಚೂರುಗಳನ್ನು ಕತ್ತರಿಸಿ, ಗಾಳಿಯಲ್ಲಿ 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಉಳಿದ ಬೂದಿಯನ್ನು ತೂಗಿ. ಕೈಟೊಸಾನ್ ಉರಿದುಹೋಗಿ ಖನಿಜವಷ್ಟೇ ಉಳಿಯುವುದರಿಂದ, ಆ ಶೇಕಡಾವಾರು ತೂಕಗಳು ಒಂದಕ್ಕೊಂದು ಹೊಂದದಿದ್ದರೆ ಹಾಳೆ ಏಕರೂಪವಾಗಿಲ್ಲ. ಹಂಚಿಕೆಯನ್ನು ಕಣ್ಣಾರೆ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕೇ ಬೇಕು.

ಚಿಕಿತ್ಸೆಯ ಮಾತು ಇನ್ನೂ ದೂರದ್ದು, ಮತ್ತು ದೇಹದ ಭಾರ ಹೊರುವ ಮೂಳೆಗೆ ಇಂಥ ವಸ್ತುವಿನ ಬಲ ಸಾಲದು. ಜೀವಕೋಶ ಪರೀಕ್ಷೆಗೆ ಹೋಗುವ ಮುನ್ನ ಮಾದರಿಯನ್ನು ಚೆನ್ನಾಗಿ ತೊಳೆಯಿರಿ. ಉಳಿದ ಆಮ್ಲವೋ ಕ್ಷಾರವೋ ಕೋಶಗಳನ್ನು ಕೊಂದರೆ, ತಪ್ಪು ವಸ್ತುವಿನದೆಂದು ನೀವು ಭಾವಿಸುವಂತಾಗುತ್ತದೆ. ತೊಳೆದ ನೀರಿನ ಪಿಎಚ್ 7ರ ಹತ್ತಿರ ನಿಲ್ಲುವವರೆಗೂ ಬಿಡಬೇಡಿ.