ಲಂಡನ್‌ನಲ್ಲಿ ಸಣ್ಣ ಲೀಗ್ ಮ್ಯಾಚ್ ನೋಡೋಕೆ

ನಾನು ಬೆಂಗಳೂರಿನ ಫುಟ್‌ಬಾಲ್ ರೆಫರಿ, ಲಂಡನ್‌ನಲ್ಲಿ ಒಂದು ಶನಿವಾರ ಬಿಡುವಿದೆ, ಯಾವ ಸಣ್ಣ ಲೀಗ್ ನೋಡಲಿ ಅಂತ ಕೇಳಿದ್ದೀರಲ್ಲ ಸರ್, ಕಂಬೈನ್ಡ್ ಕೌಂಟೀಸ್ ಲೀಗ್‌ನ ಪ್ರೀಮಿಯರ್ ಡಿವಿಷನ್ ನಾರ್ತ್ ಅಥವಾ ಸೌತ್ ಮ್ಯಾಚ್‌ಗೆ ಹೋಗಿ. ಅದು ನಾನ್-ಲೀಗ್‌ನ, ಅಂದ್ರೆ ಮೇಲಿನ ನಾಲ್ಕು ದೊಡ್ಡ ಡಿವಿಷನ್‌ಗಳ ಕೆಳಗಿನ ಫುಟ್‌ಬಾಲ್‌ನ, ಐದನೇ ಸ್ಟೆಪ್. 2019-20ರಲ್ಲಿ ಸಿನ್ ಬಿನ್ (ಆಟಗಾರನನ್ನ ಸ್ವಲ್ಪ ಹೊತ್ತು ಹೊರಗೆ ಕೂರಿಸೋ ಶಿಕ್ಷೆ) ತಂದಿದ್ದು ಆ ಮಟ್ಟ ಮತ್ತು ಅದಕ್ಕಿಂತ ಕೆಳಗಿನವರಿಗೆ. ರೆಫರಿ ಜೊತೆ ವಾದಕ್ಕಿಳಿದವನಿಗೆ ಹಳದಿ ಕಾರ್ಡ್ ಎತ್ತಿ, ಎರಡೂ ಕೈಯಲ್ಲಿ ಟೆಕ್ನಿಕಲ್ ಏರಿಯಾ (ಕೋಚ್ ಮತ್ತು ಬದಲಿ ಆಟಗಾರರು ಕೂರೋ ಜಾಗ) ಕಡೆ ತೋರಿಸ್ತಾರೆ. ಹತ್ತು ನಿಮಿಷ ಆಚೆ! ನಮ್ಮಲ್ಲಿ ಬಂದ್ರೆ ಅರ್ಧ ಟೀಮ್ ಹೊರಗೇ ಕೂತಿರುತ್ತೆ ಬಿಡಿ. ಲೈನ್ಸ್‌ಮನ್ ಓಡೋ ಕಡೆ ಕಂಬಿ ಹಿಡ್ಕೊಂಡು ನಿಲ್ಲಿ, ಬೈಗುಳ ಸಮೇತ ಎಲ್ಲಾ ಕೇಳಿಸುತ್ತೆ. ರೆಫರಿಯನ್ನ ಮಾತಾಡಿಸೋದಾದ್ರೆ ಮ್ಯಾಚ್ ಮುಗಿದ ಮೇಲೆ, ಕ್ಲಬ್‌ಹೌಸ್‌ನಲ್ಲಿ. ಕಿಕಾಫ್ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಮಳೆ ಬಿದ್ದಿದ್ರೆ ಹೊರಡೋ ಮುಂಚೆ ಕ್ಲಬ್ ಪೇಜ್ ನೋಡ್ಕೊಳ್ಳಿ, ಪಿಚ್ ಒದ್ದೆ ಅಂತ ರದ್ದು ಮಾಡಿಬಿಡ್ತಾರೆ.