ಪಿಎಫ್ ಪಿಂಚಣಿಗೆ ಸರ್ಕಾರ ಕತ್ತರಿ ಹಾಕುತ್ತದಾ? ಅಪ್ಪನ ಭಯ ಸರಿಯಾ?

ನೀವು ಕೇಳಿರುವುದು ಇಷ್ಟು: ತಂದೆಗೆ ಮುಂದಿನ ವರ್ಷ 58 ತುಂಬುತ್ತದೆ, ಖಾಸಗಿ ಕಾರ್ಖಾನೆಯಿಂದ ನಿವೃತ್ತರಾಗುತ್ತಾರೆ, ಪಿಎಫ್ ಪಿಂಚಣಿ 4,500ರ ಹತ್ತಿರ ಬರಬಹುದು. ಸರ್ಕಾರ ಒಂದೊಂದೇ ಸೌಲಭ್ಯ ಕಿತ್ತುಕೊಳ್ಳುತ್ತಿದೆ, ನಾಳೆ ಪಿಂಚಣಿಯನ್ನೂ ಕಡಿಮೆ ಮಾಡಿದರೆ ಗತಿಯೇನು ಎಂದು ಅವರಿಗೆ ನಿದ್ದೆ ಬರುತ್ತಿಲ್ಲ. ಈ ಭಯದಲ್ಲಿ ಹುರುಳಿದೆಯಾ?

ಹುರುಳಿದೆ. ಆದರೆ ಅವರು ಮುಂಬಾಗಿಲು ಕಾಯುತ್ತಿದ್ದಾರೆ, ದುಡ್ಡು ಹೋಗುವುದು ಹಿತ್ತಲಿನಿಂದ.

ನಾನು ಮೈಸೂರಿನವನು. ಒಂದು ಕಾರ್ಖಾನೆಯಲ್ಲಿ 29 ವರ್ಷ ಲೇತ್ ಮೆಷಿನ್ ಮುಂದೆ ನಿಂತು 2016ರ ಜೂನ್‌ನಲ್ಲಿ ನಿವೃತ್ತನಾದೆ. ಮೊದಲ ತಿಂಗಳು ಬಂದ ಪಿಂಚಣಿ 2,486 ರೂಪಾಯಿ. ಹೋದ ತಿಂಗಳು ಬಂದದ್ದೂ 2,486 ರೂಪಾಯಿ. ಯಾರೂ ಒಂದು ಪೈಸೆ ಕಡಿಮೆ ಮಾಡಿಲ್ಲ, ಹಾಗೆಯೇ ಒಂದು ಪೈಸೆ ಜಾಸ್ತಿಯೂ ಮಾಡಿಲ್ಲ. ನಮ್ಮ ಇಪಿಎಸ್-95, ಅಂದರೆ ಪಿಎಫ್ ಪಿಂಚಣಿ ಯೋಜನೆಯಲ್ಲಿ, ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ (ಡಿಎ) ಅನ್ನುವುದೇ ಇಲ್ಲ. ನಿವೃತ್ತಿಯ ದಿನ ಎಷ್ಟು ಬರೆದರೋ ಅಷ್ಟೇ. 2025ರ ಏಪ್ರಿಲ್ 1ರಿಂದ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೊಂದು ಲೀಟರ್ ತರುವ ಮನೆಗೆ ತಿಂಗಳಿಗೆ 120 ರೂಪಾಯಿ. ಅದೇ ವರ್ಷ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ 15 ಏರಿತ್ತು. ಇಂಥ ಒಂದೊಂದು ಏರಿಕೆಯೂ ನನ್ನ ಪಾಲಿಗೆ ಪಿಂಚಣಿ ಕಡಿತವೇ. ಅದಕ್ಕೆ ಆದೇಶ ಹೊರಡಿಸುವ ಅಗತ್ಯವೇ ಇಲ್ಲ ನೋಡಿ.

ಪಕ್ಕದ ಮನೆಯವರು ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದವರು. ಕೊರೊನಾ ಸಮಯದಲ್ಲಿ, 2020ರ ಜನವರಿಯಿಂದ ಮೂರು ಕಂತು, ಅಂದರೆ 18 ತಿಂಗಳು, ಅವರ ಡಿಎ ಏರಿಕೆ ತಡೆಹಿಡಿದರು. 2021ರ ಜುಲೈಯಲ್ಲಿ ಶೇ 17 ಇದ್ದದ್ದು ಶೇ 28 ಆಯಿತು, ನಡುವಿನ ಬಾಕಿ ಮಾತ್ರ ಕೈಗೆ ಬರಲಿಲ್ಲ. ಬೆಳಿಗ್ಗೆ ವಾಕಿಂಗ್‌ಗೆ ಹೋದಾಗಲೆಲ್ಲ ಆ ಬಾಕಿಯ ಮಾತು ತೆಗೆಯುತ್ತಾರೆ. ಅವರ ಸಿಟ್ಟು ನ್ಯಾಯವೇ. ಆದರೂ ಪಕ್ಕದಲ್ಲಿ ನಡೆಯುವ ನನಗೆ ಒಳಗೊಳಗೇ ನಗು. ಅವರಿಗೆ ಮೂರು ಕಂತು ತಪ್ಪಿತು, ನಮಗೆ ಕಂತೇ ಇಲ್ವಲ್ಲ!

ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ಮಾಡಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲೇ, 2013ರಲ್ಲಿ, ರಾಜ್ಯಸಭೆಯ ಕೋಶಿಯಾರಿ ಸಮಿತಿ 3,000ವಾದರೂ ಕೊಡಿ ಎಂದಿತ್ತು. 7,500 ಕೊಡಿ, ಜೊತೆಗೆ ಡಿಎ ಕೊಡಿ ಎಂದು ನಮ್ಮಂಥವರು ಧರಣಿ ಕೂರುತ್ತಲೇ ಇದ್ದಾರೆ. ನಾನೂ ಎರಡು ಸಲ ಕೂತು ಬಂದಿದ್ದೇನೆ.

ಇನ್ನು ಬಡ್ಡಿಯ ವಿಷಯ. ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಇಲ್ಲಿ. ಪಿಎಫ್, ಗ್ರ್ಯಾಚುಟಿ ಎಲ್ಲ ಸೇರಿ ಬಂದ ಹಣದಲ್ಲಿ ಮಗಳ ಮದುವೆ ಸಾಲ ತೀರಿಸಿ, ಉಳಿದ 5 ಲಕ್ಷವನ್ನು ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟೆ. ಆಗ ಬಡ್ಡಿ ಶೇ 8.6. ಮೂರು ತಿಂಗಳಿಗೊಮ್ಮೆ 10,750 ಬರುತ್ತಿತ್ತು. 2021ರಲ್ಲಿ ಐದು ವರ್ಷ ಮುಗಿದು ಮುಂದುವರಿಸಲು ಹೋದಾಗ ಶೇ 7.4 ಆಗಿತ್ತು. ಕೌಂಟರಿನ ಹುಡುಗಿ ಪಾಸ್‌ಬುಕ್ ಮೇಲೆ ಪೆನ್ಸಿಲ್‌ನಲ್ಲಿ 9,250 ಎಂದು ಬರೆದು ತೋರಿಸಿದಳು. ನಾನು ಎರಡು ಸಲ ಓದಿದೆ. ತಿಂಗಳಿಗೆ 500 ರೂಪಾಯಿ ಕಡಿಮೆ. ನಮ್ಮಿಬ್ಬರ ಬಿಪಿ, ಸಕ್ಕರೆ ಕಾಯಿಲೆ ಮಾತ್ರೆಗೆ ಎಂದು ಎತ್ತಿಡುತ್ತಿದ್ದ ದುಡ್ಡು ಅದು. ಮಾತ್ರೆ ಜನೌಷಧಿ ಅಂಗಡಿಯಲ್ಲಿ ತರಲು ಶುರು ಮಾಡಿದ್ದು ಆವಾಗಲೇ. ಮೊದಲೇ ಯಾಕೆ ತರಲಿಲ್ಲವೋ! 2024ರಲ್ಲಿ ಮತ್ತೆ ಇಟ್ಟಾಗ ಶೇ 8.2 ಸಿಕ್ಕಿತು, 10,250. ಎಂಟು ವರ್ಷ ಕಳೆದ ಮೇಲೂ ಮೊದಲು ಬರುತ್ತಿದ್ದುದಕ್ಕಿಂತ ಮೂರು ತಿಂಗಳಿಗೆ 500 ಕಡಿಮೆಯೇ.

ಹಾಗಂತ ಕಿತ್ತುಕೊಂಡದ್ದು ಏನೂ ಇಲ್ಲ ಅಂತಲ್ಲ. ರೈಲಿನಲ್ಲಿ 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ವಾಪಸ್ ಬರಲಿಲ್ಲ. ಆ ಏಪ್ರಿಲ್‌ಗೆ ನಾವು ಕಾಶಿಗೆ ಹೊರಟಿದ್ದೆವು. ನಮ್ಮ ಮನೆಯವರು ಗಂಗಾಜಲಕ್ಕೆಂದು ತೊಳೆದಿಟ್ಟ ತಾಮ್ರದ ತಂಬಿಗೆ ಇನ್ನೂ ದೇವರ ಗೂಡಿನಲ್ಲಿದೆ.

ಬಂದದ್ದನ್ನೂ ಹೇಳಬೇಕಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಮನೆಯವರಿಗೆ ಬಸ್ ಪುಕ್ಕಟೆ. ನಂಜನಗೂಡಿನ ತಂಗಿ ಮನೆಗೆ ಆಧಾರ್ ತೋರಿಸಿ ಹೋಗಿಬರುತ್ತಾಳೆ. ನಾನು ಹಿರಿಯ ನಾಗರಿಕರ ಶೇ 25 ರಿಯಾಯಿತಿಯಲ್ಲಿ ಟಿಕೆಟ್ ತೆಗೆದು ಪಕ್ಕದಲ್ಲಿ ಕೂರುತ್ತೇನೆ. ಗೃಹಲಕ್ಷ್ಮಿ 2,000 ಅವಳ ಖಾತೆಗೆ ಬರುತ್ತದೆ, ಕೆಲವು ಸಲ ತಡವಾಗಿ. "ನಿಮ್ಮ 29 ವರ್ಷದ ದುಡಿಮೆಗೂ ನನ್ನ ಅಡುಗೆಮನೆಗೂ 486 ರೂಪಾಯಿ ಅಷ್ಟೇ ವ್ಯತ್ಯಾಸ ಕಣ್ರೀ" ಅಂತಾಳೆ. ತಮಾಷೆಗೇ ಅನ್ನುವುದು. ನನಗೆ ಮಾತ್ರ ಎದೆಯಲ್ಲಿ ಚುರುಕ್ ಅನ್ನುತ್ತದೆ. ಅವಳಿಗೆ ಬರುವುದು ಬೇಡ ಅಂತ ಖಂಡಿತ ಅಲ್ಲ. ಆ ದುಡ್ಡು ಇಲ್ಲದಿದ್ದರೆ ತಿಂಗಳ ಕೊನೆಗೆ ಮಗನ ಮುಖ ನೋಡಬೇಕಿತ್ತು.

ಈಗ ನಿಮ್ಮ ತಂದೆಯವರ ವಿಷಯ. ಪಿಂಚಣಿಯನ್ನು 60ರವರೆಗೆ ತಡೆದು ತೆಗೆದುಕೊಳ್ಳಿ, ವರ್ಷಕ್ಕೆ ಶೇ 4 ಜಾಸ್ತಿ ಸಿಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಮಾತು ನಿಜ, ಆದರೆ ಲೆಕ್ಕ ಹಾಕಿ. ಎರಡು ವರ್ಷಕ್ಕೆ 4,500 ಸುಮಾರು 4,870 ಆಗುತ್ತದೆ. ಅಷ್ಟಕ್ಕೆ ನೀವು ಬಿಡುವ ಹಣ 1,08,000. ತಿಂಗಳಿಗೆ 370ರಂತೆ ಅದು ವಾಪಸ್ ಬರಲು 24 ವರ್ಷ ಬೇಕು! ಕೆಲಸ ಮುಂದುವರಿಸಿ ವಂತಿಗೆಯನ್ನೂ ಕಟ್ಟುತ್ತಿದ್ದರೆ ಬೇರೆ ಮಾತು. ಮನೆಯಲ್ಲಿ ಕೂರುವುದಾದರೆ 58ಕ್ಕೇ ಶುರು ಮಾಡಿಸಿ. ಬೆಲೆ ಏರುವ ಕಾಲದಲ್ಲಿ ಬೇಗ ಬಂದ ದುಡ್ಡೇ ದುಡ್ಡು.

ಅವರು ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡಿನಲ್ಲಿದ್ದು, ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿ ನಿವೃತ್ತರಾಗುತ್ತಿದ್ದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯುವುದನ್ನು ಮುಂದುವರಿಸಬಹುದು. ಹೌದು, ವರ್ಷಕ್ಕೆ. ಒಂದು ತಿಂಗಳ ಹಾಲಿನ ಏರಿಕೆಯಷ್ಟು. ನನ್ನ ಜೊತೆ ನಿವೃತ್ತರಾದ ಎಷ್ಟೋ ಜನಕ್ಕೆ ಇದು ಗೊತ್ತೇ ಇರಲಿಲ್ಲ.

ಪಿಂಚಣಿದಾರ ಬದುಕಿದ್ದಾನೆ ಎಂದು ವರ್ಷವರ್ಷ ಕೊಡಬೇಕಾದ ಜೀವಂತ ಪ್ರಮಾಣಪತ್ರದ ಬಗ್ಗೆಯೂ ಈಗಲೇ ತಿಳಿದಿರಲಿ. ನಮಗೆ ನವೆಂಬರ್‌ನಲ್ಲೇ ಕೊಡಬೇಕೆಂದಿಲ್ಲ. ಯಾವಾಗ ಕೊಟ್ಟರೂ ಅಲ್ಲಿಂದ 12 ತಿಂಗಳು ನಡೆಯುತ್ತದೆ. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಮೆಷಿನ್ ಕೆಲಸ ಮಾಡಿ ಸವೆದ ನನ್ನ ಬೆರಳಿಗೆ ಬೆರಳಚ್ಚೇ ಬೀಳುತ್ತಿರಲಿಲ್ಲ. ಆಪರೇಟರ್ ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹತ್ತೂ ಬೆರಳು ನೋಡಿದ. ಈಗ ಮೊಮ್ಮಗಳು ಮೊಬೈಲಿನಲ್ಲಿ ನನ್ನ ಮುಖ ಹಿಡಿದು, "ಕಣ್ಣು ಮಿಟುಕಿಸು ತಾತ" ಅಂತಾಳೆ, ಮುಗಿಯಿತು.

ಕೊನೆಯದಾಗಿ, ಇದನ್ನು ಈ ವಾರವೇ ಮಾಡಿ. ಪಿಎಫ್ ದಾಖಲೆ, ಆಧಾರ್, ಬ್ಯಾಂಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ತಾರೀಖು ತಾಳೆ ನೋಡಿ. ನನ್ನ ಪಿಎಫ್‌ನಲ್ಲಿ ಬರೀ ಇನಿಷಿಯಲ್ ಇತ್ತು, ಆಧಾರ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿದ್ದರು. ಅದಕ್ಕೇ ನಾಲ್ಕು ತಿಂಗಳು ಅಲೆದೆ. ತಿದ್ದುಪಡಿಗೆ ಕಂಪನಿ ಸಹಿ ಬೇಕಾಗಬಹುದು, ಕೆಲಸದಲ್ಲಿರುವಾಗಲೇ ಹಾಕಿಸಿಕೊಳ್ಳುವುದು ಸುಲಭ. ಪಿಂಚಣಿ ಕೋರುವ 10ಡಿ ಅರ್ಜಿ ತುಂಬುವಾಗ ಏನಾದರೂ ತೊಡಕಾದರೆ ಇಲ್ಲೇ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.