ದಾನದ ಲೆಕ್ಕ ಬೇರೆ, ಸಾಲದ ಲೆಕ್ಕ ಬೇರೆ

(ಕಳೆದ ಸಂಚಿಕೆಯಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ಕುರಿತು ಬಂದ ಲೇಖನ ಓದಿ ಕಾಪುವಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ಬಡ್ಡಿಗೆ ಹಣ ಕೊಡುವ ಸಂಸ್ಥೆ ಕಟ್ಟಿದವರನ್ನು ಇಷ್ಟು ಹೊಗಳಬೇಕೇ? 1934ರಲ್ಲಿ ನಮ್ಮ ಅಜ್ಜ ಮಗಳ ಮದುವೆಗೆಂದು ಗದ್ದೆ ಅಡವಿಟ್ಟರು. ಆ ಸಾಹುಕಾರರೂ ಊರಿಗೆ ದೊಡ್ಡ ದಾನಿಯೇ. ದೇವಸ್ಥಾನದ ಕಲ್ಲಿನಲ್ಲಿ ಇಂದಿಗೂ ಅವರ ಹೆಸರಿದೆ. ಗದ್ದೆ ಮಾತ್ರ ವಾಪಸ್ ಬರಲಿಲ್ಲ. ಪತ್ರದ ಜೆರಾಕ್ಸ್ ಇಟ್ಟಿದ್ದೇನೆ. ಈಗ ಏನಾದರೂ ಮಾಡಲಿಕ್ಕೆ ಆಗುತ್ತದೆಯೇ?”)

ಸಂಪಾದಕರ ಉತ್ತರ:

ಮೊದಲು ನಿಮ್ಮ ಜೆರಾಕ್ಸಿನ ವಿಷಯ. ಎರಡು ಸಲ ಓದಿದೆ. ಮೂಡಲಾಗಿ ತೋಡು, ತೆಂಕಲಾಗಿ ದೇವಸ್ಥಾನದ ಗದ್ದೆ ಅಂತ ಚಕ್ಕುಬಂದಿ ಅಂದವಾಗಿ ಬರೆದಿದ್ದಾರೆ. ಕೆಳಗೆ ನಿಮ್ಮ ಅಜ್ಜನ ಹೆಬ್ಬೆಟ್ಟು, ಪಕ್ಕದಲ್ಲಿ ಇಬ್ಬರ ಸಾಕ್ಷಿ. ಆದರೆ ತಲೆಬರಹ ‘ಕ್ರಯಪತ್ರ’ ಅಂತಿದೆ. ಅಡವು, ಅವಧಿ, ಬಡ್ಡಿ ಯಾವುದೂ ಒಳಗೆಲ್ಲೂ ಇಲ್ಲ. ನಿಮ್ಮ ಮನೆಯವರ ಪಾಲಿಗೆ ಅದು ಅಡವು. ಕಾಗದದ ಪ್ರಕಾರ ಅಜ್ಜ ಗದ್ದೆ ಮಾರಿದ್ದಾರೆ.

ಇದು ಕೈತಪ್ಪಿ ಆದದ್ದಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯಂತೆ, ಅಡವು ಅಂತ ಬರೆದರೆ ಬಾಕಿ ತೀರಿಸಿ ಬಿಡಿಸಿಕೊಳ್ಳುವ ಹಕ್ಕು ಇಟ್ಟವನಲ್ಲೇ ಉಳಿಯುತ್ತದೆ. ಆ ಹಕ್ಕು ಬಿಟ್ಟುಕೊಟ್ಟೆ ಎಂದು ಅದೇ ಪತ್ರದಲ್ಲಿ ಬರೆಸಿಕೊಂಡರೂ ನಿಲ್ಲುವುದಿಲ್ಲ. ಹಾಗಾಗಿ ಕೆಲವರು ಅಡವಿನ ಉಸಾಬರಿಯೇ ಬೇಡವೆಂದು ನೇರ ಕ್ರಯ ಬರೆಸಿಕೊಂಡು, “ದುಡ್ಡು ಆದಾಗ ಕೊಡು ಮಾರಾಯ, ನಿನ್ನ ಗದ್ದೆ ನಿನಗೇ” ಅಂತ ಬಾಯಲ್ಲಿ ಹೇಳುತ್ತಿದ್ದರು. 1929ರ ತಿದ್ದುಪಡಿ ಬಂದ ಮೇಲೆ, ವಾಪಸ್ ಕೊಡುವ ಶರತ್ತು ಅದೇ ಪತ್ರದಲ್ಲಿ ಇಲ್ಲದಿದ್ದರೆ ಕೋರ್ಟು ಅದನ್ನು ಅಡವೆಂದು ಒಪ್ಪುವಂತಿಲ್ಲ. ನಿಮ್ಮದು 1934ರದ್ದು.

ಈಗ ಹಾಜಿ ಅಬ್ದುಲ್ಲಾ ಸಾಹೇಬರ ಮಾತು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೀರಿ, ಅದನ್ನು ನಾನು ಒಪ್ಪಲಾರೆ. ಸಾಹೇಬರಲ್ಲಿ ದುಡ್ಡಿತ್ತು, ಜಮೀನಿತ್ತು, ವ್ಯಾಪಾರವಿತ್ತು. ಮನೆಯ ಚಾವಡಿಯಲ್ಲೇ ಕುಳಿತು ಸಾಲ ಕೊಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆಗ ಉಡುಪಿಯಲ್ಲಿ ಬ್ಯಾಂಕೇ ಇಲ್ಲ. ಮಂಗಳೂರಲ್ಲಿ 1868ರಿಂದ ಬ್ಯಾಂಕ್ ಆಫ್ ಮದ್ರಾಸಿನ ಶಾಖೆ ಇತ್ತು ನಿಜ, ಅದು ರಫ್ತು ಮಾಡುವ ಇಂಗ್ಲಿಷ್ ಕಂಪೆನಿಗಳ ಅನುಕೂಲಕ್ಕೆ ಇದ್ದದ್ದು. ಬೇರೆ ಊರಿಗೆ ಹಣ ಕಳಿಸಬೇಕಾದರೆ ಅಂಚೆ, ಸಾಲ ಬೇಕಾದರೆ ಸಾಹುಕಾರ, ಅವನು ಹೇಳಿದ್ದೇ ಬಡ್ಡಿ. ಇಂಥ ಕಡೆ 1906ರ ಮಾರ್ಚ್ 12ರಂದು ಸಾಹೇಬರ ಮುಂದಾಳುತನದಲ್ಲಿ ಕೆಲವರು ಸೇರಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಶುರು ಮಾಡಿದರು. ಮೂಲ ಬಂಡವಾಳ 5000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕಕ್ಕೆ ಸಿಕ್ಕಿದ್ದು 38 ರೂಪಾಯಿ 13 ಆಣೆ 2 ಪೈ (ಒಂದು ಆಣೆಗೆ 12 ಪೈ).

ಆ 2 ಪೈ ನನಗೆ ಬಹಳ ಇಷ್ಟ. ಸೊಂಟದ ಚೀಲದಿಂದ ಸಾಲ ಕೊಡುವವನಿಗೆ ಪೈಯ ಲೆಕ್ಕ ಬರೆದಿಡುವ ಅಗತ್ಯ ಬೀಳುವುದಿಲ್ಲ. ಪುಸ್ತಕ ಇಟ್ಟು ನಾಲ್ಕು ಜನರಿಗೆ ತೋರಿಸಬೇಕಾದವನಿಗೆ ಬರೆಯದೆ ಗತಿಯಿಲ್ಲ. ಸಾಹೇಬರು ತಮ್ಮ ಹಣಕ್ಕೂ ತಮ್ಮ ಮಾತಿಗೂ ಇಂಥದೊಂದು ಪುಸ್ತಕದ ಕಟ್ಟು ಹಾಕಿಕೊಂಡರು. ಜಾತಿ ಮತ ನೋಡದೆ ಎಲ್ಲರಲ್ಲೂ ಉಳಿತಾಯದ, ಕೂಡಿ ಬಾಳುವ ಅಭ್ಯಾಸ ಬೆಳೆಸಬೇಕು, ಇದು ಅಪ್ಪಟ ಸ್ವದೇಶಿ ಕೆಲಸ ಎಂದು ಆಗಿನ ಮನವಿಯಲ್ಲೇ ಸಾರಿದ್ದರು. ಅದೇ ವರ್ಷ ಜುಲೈ 1ರಂದು ಮಂಗಳೂರಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು 50 ರೂಪಾಯಿಯ 2000 ಶೇರುಗಳ ಮೇಲೆ ಕೆನರಾ ಹಿಂದೂ ಪರ್ಮನೆಂಟ್ ಫಂಡ್ (ಈಗಿನ ಕೆನರಾ ಬ್ಯಾಂಕ್) ತೆರೆದರು. ಅಕ್ಟೋಬರದಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪೆನಿ ದಿವಾಳಿ ಎದ್ದಿತು. ದೊರೆಗಳ ಕಂಪೆನಿ ಅಂತ ನಂಬಿ ದುಡ್ಡಿಟ್ಟವರು ಕೈಸುಟ್ಟುಕೊಂಡರು. ಉಡುಪಿ, ಮಂಗಳೂರಿನ ಪುಟ್ಟ ಸಂಸ್ಥೆಗಳು ಉಳಿದುಕೊಂಡವು.

ಬ್ಯಾಂಕುಗಳೇನು ಸಾಚಾ ಅಂತ ನೀವು ಕೇಳಬಹುದು. ಬ್ಯಾಂಕೂ ಹರಾಜು ಹಾಕುತ್ತದೆ, ನೋಟೀಸು ಬಂದ ಮನೆಯಲ್ಲಿ ಆ ದಿನ ಒಲೆ ಉರಿಯುವುದಿಲ್ಲ. ಆದರೆ ಹರಾಜಿನಲ್ಲಿ ಬಂದ ಹಣದಲ್ಲಿ ಅಸಲು, ಬಡ್ಡಿ, ಖರ್ಚು ಕಳೆದು ಮಿಕ್ಕದ್ದನ್ನು ಅಡವಿಟ್ಟವನಿಗೇ ಕೊಡಬೇಕು. ನಿಮ್ಮ ಅಜ್ಜನಿಗೆ ಸಾಲವೆಂದು ಸಿಕ್ಕಿದ್ದು ಗದ್ದೆಯ ಬೆಲೆಯ ಕಾಲು ಭಾಗವೂ ಇರಲಿಕ್ಕಿಲ್ಲ ಅಂತ ನೀವೇ ಬರೆದಿದ್ದೀರಿ. ಮಿಕ್ಕ ಮುಕ್ಕಾಲು ಎಲ್ಲಿಗೆ ಹೋಯಿತು? ದೇವಸ್ಥಾನದ ಆ ಕಲ್ಲಿನಲ್ಲಿ ಅದರದ್ದೂ ಒಂದು ಪಾಲು ಇರಬಹುದು.

ಇನ್ನೊಂದು ಮಾತಿದೆ. ಬ್ಯಾಂಕು ಎಲ್ಲರ ಕೈಗೂ ಎಟಕುತ್ತಿರಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಅಡವಿಡಲು ಸ್ವಂತ ನೆಲವೇ ಇಲ್ಲದ ಚಾಲಗೇಣಿ (ಖಾಯಂ ಅಲ್ಲದ ಗೇಣಿ) ಒಕ್ಕಲಿಗೆ ಬ್ಯಾಂಕು ಬಂದರೂ ಭೂಮಿ ಸಾಲ ಎಲ್ಲಿಂದ ಹುಟ್ಟಬೇಕು? ಗೇಣಿಯ ಅಕ್ಕಿ ಮುಡಿ ಅಳೆದು ಕೊಟ್ಟ ಮೇಲೆ ಮನೆಯಲ್ಲಿ ಉಳಿಯುತ್ತಿದ್ದದ್ದು ಹೆಂಗಸರ ಕಿವಿ, ಕೊರಳಿನ ಚೂರು ಚಿನ್ನ. ಆಟಿಯ ಮಳೆಯಲ್ಲಿ ಬೆಂಡೋಲೆ ಅಡವಿಗೆ ಹೋಗುವುದು, ಕೊಯ್ಲಾದ ಮೇಲೆ ಬಿಡಿಸಿ ತರುವುದು ನಮ್ಮ ಜಿಲ್ಲೆಯ ಹಳೆಯ ಪಾಡು. ಈಗಲೂ ಬ್ಯಾಂಕಿನ ಚಿನ್ನದ ಕೌಂಟರಿನ ಎದುರು ನಿಂತು ನೋಡಿ. ಒರೆಗಲ್ಲಿಗೆ ಉಜ್ಜುವುದು, ಕಲ್ಲಿನ ತೂಕ ಕಳೆಯುವುದು, ಒಡವೆಯ ಹೆಸರು ಚೀಟಿಯಲ್ಲಿ ಬರೆಯುವುದು ಎಲ್ಲ ಒಡವೆ ತಂದವಳ ಕಣ್ಣೆದುರೇ ನಡೆಯುತ್ತದೆ. ತೂಕ ಕಡಿಮೆಯಾಯಿತಲ್ಲ ಅಂತ ಗದರಿಸಿ ಕೇಳುವ ಅಜ್ಜಿಯಂದಿರನ್ನು ನಾನು ನೋಡಿದ್ದೇನೆ. ಸಾಹುಕಾರನ ಚಾವಡಿಯಲ್ಲಿ ಅದೇ ಅಜ್ಜಿ ಬಾಯಿ ಬಿಡುತ್ತಿರಲಿಲ್ಲ. ಯಾಕೆಂದರೆ ಅವಳ ಮೊಮ್ಮಗನ ನಾಮಕರಣಕ್ಕೆ ಅವನು ಒಂದು ಮುಡಿ ಅಕ್ಕಿ ಕಳಿಸಿರುತ್ತಾನೆ, ಕಾಯಿಲೆಗೆ ಮದ್ದು ತರಿಸಿರುತ್ತಾನೆ. ಉಪಕಾರ ಮಾಡಿದವನ ಹತ್ತಿರ ರಶೀದಿ ಕೇಳುವುದು ಹೇಗೆ?

ಸಾಹೇಬರನ್ನು ನಾನು ಮೆಚ್ಚುವುದು ಇಲ್ಲೇ. ಉಡುಪಿಯ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಅವರು ಜಾಗ ಕೊಟ್ಟರು. ಊರವರ ಬಾಯಲ್ಲಿ ಅದು ಇಂದಿಗೂ ಹಾಜಿ ಅಬ್ದುಲ್ಲಾ ಆಸ್ಪತ್ರೆ. ಕೃಷ್ಣ ಮಠದ ದೀಪೋತ್ಸವಕ್ಕೆ ಎಣ್ಣೆ ಸಾಲದೆ ಹೋದಾಗ ಅವರೇ ಕಳಿಸಿದರು ಅಂತ ರಥಬೀದಿಯ ಹಿರಿಯರು ಹೇಳುತ್ತಾರೆ. ಕೊಟ್ಟದ್ದು ಕೊಟ್ಟದ್ದೇ ಆಯಿತು. ಸಾಲಕ್ಕೆ ಬೇರೆ ಜಾಗ, ಬೇರೆ ಪುಸ್ತಕ. ಆಸ್ಪತ್ರೆಯಲ್ಲಿ ಹೆರಿಗೆಯಾದ ಹೆಂಗಸು ಬ್ಯಾಂಕಿಗೆ ಬಂದು ಬಡ್ಡಿ ಜಾಸ್ತಿಯಾಯಿತು ಅಂತ ಜಗಳ ಮಾಡಬಹುದಿತ್ತು. ಆ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕಾಗಿ, 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಸಾಹೇಬರು ಬಾಳಿದ ಮನೆ ನಾಣ್ಯಗಳ ಮ್ಯೂಸಿಯಂ ಆಗಿದೆ. ಉಡುಪಿಗೆ ಬಂದಾಗ ಹೊಕ್ಕು ಬನ್ನಿ.

ಇನ್ನು, ನಿಮ್ಮ ಗದ್ದೆ. ಕೋರ್ಟಿನ ಆಸೆ ಇಟ್ಟುಕೊಳ್ಳಬೇಡಿ. ಅಡವೇ ಆಗಿದ್ದರೂ ಬಿಡಿಸಿಕೊಳ್ಳುವ ದಾವೆಗೆ 1908ರ ಕಾಲಮಿತಿ ಕಾಯಿದೆಯಲ್ಲಿ 60 ವರ್ಷ ಇತ್ತು, 1963ರ ಕಾಯಿದೆ ಅದನ್ನು 30ಕ್ಕೆ ಇಳಿಸಿತು. ಎರಡೂ ದಾಟಿವೆ. ಆದರೆ ಅಜ್ಜ ಅದೇ ಗದ್ದೆಯನ್ನು ಆ ಸಾಹುಕಾರರ ಒಕ್ಕಲಾಗಿ ಉಳುತ್ತಿದ್ದರು ಅಂತ ಕೊನೆಯಲ್ಲೊಂದು ಸಾಲು ಬರೆದು ಬಿಟ್ಟಿದ್ದೀರಿ. ಹಾಗಿದ್ದರೆ ಉಳುವವನಿಗೇ ಭೂಮಿ ಎಂದ 1974ರ ಭೂಸುಧಾರಣೆಯ ಹೊತ್ತಿಗೆ ನಿಮ್ಮ ತಂದೆ ಡಿಕ್ಲರೇಶನ್ (ಒಕ್ಕಲಿನ ಅರ್ಜಿ) ಹಾಕಿದ್ದರೋ, ಭೂನ್ಯಾಯಮಂಡಳಿಯ ಆದೇಶ ಏನಾಯಿತು, ತಾಲೂಕು ಕಚೇರಿಯಲ್ಲಿ ಸರ್ವೆ ನಂಬರು ಕೊಟ್ಟು ವಿಚಾರಿಸಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅದೇ ದಿನಾಂಕಕ್ಕೆ ಬೇರೆ ಕರಾರು ಏನಾದರೂ ನೋಂದಣಿಯಾಗಿದೆಯೋ ಅದನ್ನೂ ಹುಡುಕಿಸಿ. ಮತ್ತೆ, ನೀವು ಕಳಿಸಿದ್ದು ಮುಂದಿನ ಬದಿ ಮಾತ್ರ. ಹಿಂಬದಿಯಲ್ಲಿ ಷರಾ ಇದ್ದರೆ ಅದರ ಜೆರಾಕ್ಸನ್ನೂ ಕಳಿಸಿಕೊಡಿ.